ಬೆಟ್ಟದ ನಂದಿಯಿಂದ ಪರಿಷೆಯ ಬಸವನವರೆಗೆ

ಬಿಡುವಿನ ದಿನವನ್ನು ಹೇಗೆ ಕಳೆಯಬೇಕೆಂಬುದು ಸಂಸಾರಿಗಳಿಗೆ ಸಣ್ಣ ಪ್ರಶ್ನೆಯಲ್ಲ. ವಾರವೆಲ್ಲ ಕಛೇರಿಯಲ್ಲಿಯೋ ಅಡಿಗೆಮನೆಯಲ್ಲಿಯೋ ದುಡಿದ ದೇಹಕ್ಕೆ ವಿಶ್ರಾಂತಿ ಬೇಕೆಂಬುದು ದಿಟ. ಆದರೆ ದಿನವೆಲ್ಲ ಹಾಸಿಗೆಯ ಮೇಲೆ ಹೊರಳಿದ ಮಾತ್ರಕ್ಕೆ ಮನಸ್ಸಿನ ದಣಿವು ಆರುವುದಿಲ್ಲ. ದೂರದ ಊರುಗಳ ಯಾತ್ರೆಗಾದರೋ ಹಣವೂ ಬೇಕು, ಹೆಚ್ಚಿನ ರಜೆಯೂ ಬೇಕು. ಹೀಗಿರುವಾಗ ಬೆಳಗ್ಗೆ ಹೊರಟು ರಾತ್ರಿಯ ಊಟದ ಹೊತ್ತಿಗೆ ಮನೆ ಸೇರಬಹುದಾದ, ವೃದ್ಧರಿಗೂ ಮಕ್ಕಳಿಗೂ ಒಪ್ಪುವ, ಕೈಯ ಹಣವನ್ನು ಹೆಚ್ಚಾಗಿ ಕರಗಿಸದ ಒಂದು ಸಂಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಬೆಂಗಳೂರಿನ ನಿವಾಸಿಗಳಿಗೂ, ಕಾರ್ತಿಕಮಾಸದಲ್ಲಿ ನೆಂಟರ ಮನೆಗೆಂದು ಅಲ್ಲಿಗೆ ಬರುವವರಿಗೂ ಇದು ಸಮಾನವಾಗಿ ಉಪಯೋಗಕ್ಕೆ ಬರುವುದೆಂದು ನಂಬಿದ್ದೇವೆ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದನ್ನು ಅನೇಕರು ಬಲ್ಲರು. ಸೋಮವಾರಕ್ಕೆ ಮುಂಚೆಯೇ ಅಂಗಡಿಗಳು ಬಂದು ಕೂಡಿಕೊಳ್ಳುವುದರಿಂದ, ಹಿಂದಿನ ಭಾನುವಾರವೇ ಪರಿಷೆಯನ್ನು ಕಣ್ತುಂಬ ನೋಡಬಹುದು. ಆ ಭಾನುವಾರದ ಹಗಲನ್ನು ನಂದಿಬೆಟ್ಟಕ್ಕೂ, ಸಂಜೆಯನ್ನು ಪರಿಷೆಗೂ ಮೀಸಲಿಟ್ಟು ನಾವು ಮನೆಮಂದಿಯೆಲ್ಲ ಹೊರಟೆವು. ಈ ಎರಡು ಸ್ಥಳಗಳನ್ನು ಒಂದೇ ದಿನಕ್ಕೆ ಜೋಡಿಸಿದುದಕ್ಕೆ ಕಾರಣವುಂಟು. ಅದು ಮುಂದೆ ತಾನಾಗಿಯೇ ತಿಳಿದುಬರುವುದು.

ನಂದಿಬೆಟ್ಟವು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವುದು. ಇದರ ನೆತ್ತಿ ಸಮುದ್ರಮಟ್ಟಕ್ಕೆ 1,478 ಮೀಟರ್ ಎತ್ತರ. ಬಿಡುವಿನ ದಿನಗಳಲ್ಲಿ ಜನರ ಮತ್ತು ವಾಹನಗಳ ಸಂದಣಿ ಬಹಳ. ಆದುದರಿಂದ ಬೆಳಕು ಹರಿಯುವುದಕ್ಕೆ ಮುನ್ನವೇ ಮನೆ ಬಿಡುವುದು ಲೇಸು. ಕಾರ್ತಿಕದ ಬೆಳಗಿನಲ್ಲಿ ಮೇಲೆ ಚಳಿ ಕೊರೆಯುವುದು. ಹಿರಿಯರಿಗೆ ಶಾಲೂ ಮಕ್ಕಳಿಗೆ ಕಿವಿ ಮುಚ್ಚುವ ಟೋಪಿಯೂ ಜೊತೆಯಲ್ಲಿರಲಿ. ನಡೆಯಬಲ್ಲ ತರುಣರಿಗೆ ಸುಲ್ತಾನ್‌ಪೇಟೆಯ ಕಡೆಯಿಂದ ಮೆಟ್ಟಿಲುಗಳ ದಾರಿಯೂ ಉಂಟು.

ನಾವು ಮೇಲೇರಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಎದುರಿಗಿರುವ ಮರವೂ ಕಾಣದಷ್ಟು ಬಿಳುಪು. ಎಲೆಗಳಿಂದ ತೊಟ್ಟಿಕ್ಕುವ ಹನಿಗಳ ಸದ್ದೊಂದೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಿಸಿಲು ಮೂಡಿ, ತೆರೆಯನ್ನು ಯಾರೋ ಮೆಲ್ಲಮೆಲ್ಲನೆ ಸರಿಸಿದಂತೆ ಕೆಳಗಿನ ಕೆರೆಗಳು, ಕೆಮ್ಮಣ್ಣಿನ ಹೊಲಗಳು, ದ್ರಾಕ್ಷಿಯ ತೋಟಗಳು ಒಂದೊಂದಾಗಿ ಕಾಣತೊಡಗಿದವು. ಶಿಖರದ ಮೇಲಿರುವ ಯೋಗನಂದೀಶ್ವರನ ಗುಡಿ, ಕಲ್ಲು ಮೆಟ್ಟಿಲುಗಳಿಂದ ಸುತ್ತುವರಿದ ಅಮೃತಸರೋವರ, ಹೈದರ್ ಮತ್ತು ಟಿಪ್ಪು ಸುಲ್ತಾನರು ಬಲಪಡಿಸಿದ ಕೋಟೆ, ಇವೆಲ್ಲ ನೋಡತಕ್ಕವು. 1791ನೆಯ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮುತ್ತಿಗೆ ಹಾಕಿ ಈ ದುರ್ಗವನ್ನು ಹಿಡಿಯಿತು. ಅನಾರೋಗ್ಯದಿಂದಿದ್ದ ಮಹಾತ್ಮಾ ಗಾಂಧಿಯವರು 1927ರಲ್ಲಿ ಇಲ್ಲಿಯ ಹವೆಯಲ್ಲಿಯೇ ಚೇತರಿಸಿಕೊಂಡರು. 1936ರಲ್ಲಿ ಮತ್ತೊಮ್ಮೆ ಬಂದು ತಂಗಿದರು. ಫಿರಂಗಿಯ ಹೊಗೆಯನ್ನು ಕಂಡ ಬೆಟ್ಟವೇ ಆ ಅಹಿಂಸಾಮೂರ್ತಿಗೆ ಆರೋಗ್ಯವನ್ನು ಕೊಟ್ಟಿತೆಂಬುದನ್ನು ನೆನೆದರೆ ಮನಸ್ಸಿಗೆ ಸಮಾಧಾನವಾಗುವುದು.

ಆದರೆ ನಂದಿಬೆಟ್ಟದ ದೊಡ್ಡ ಐಶ್ವರ್ಯವು ಕೋಟೆಯಲ್ಲಿಲ್ಲ, ನೀರಿನಲ್ಲಿದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಂಬ ನದಿಗಳಿಗೆ ಈ ಬೆಟ್ಟಸಾಲೇ ತವರು. ಇವುಗಳಲ್ಲಿ ಅರ್ಕಾವತಿಯು ದಕ್ಷಿಣಾಭಿಮುಖವಾಗಿ ಹರಿದು, ಕನಕಪುರವನ್ನು ದಾಟಿ, ಸಂಗಮವೆಂಬಲ್ಲಿ ಕಾವೇರಿಯನ್ನು ಕೂಡುವುದು. 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಇದಕ್ಕೆ ಕಟ್ಟೆ ಕಟ್ಟಿ ನಿರ್ಮಿಸಿದ ಜಲಾಶಯದ ನೀರನ್ನು ಬೆಂಗಳೂರು ಹಲವು ದಶಕಗಳ ಕಾಲ ಕುಡಿಯಿತು. ಕಾವೇರಿಯ ನೀರು ನಗರಕ್ಕೆ ಬಂದುದು 1974ರಲ್ಲಿ. ನಮ್ಮ ಅಜ್ಜಂದಿರ ಮನೆಯ ನಲ್ಲಿಯಲ್ಲಿ ಬೀಳುತ್ತಿದ್ದುದು ಈ ಬೆಟ್ಟದ ಕಡೆಯ ಮಳೆಯೇ ಎಂದು ಹೇಳಿದಾಗ ಮಕ್ಕಳು ಅಂಗೈಯಲ್ಲಿ ಎಲೆಯ ಹನಿಗಳನ್ನು ಹಿಡಿದು ನೋಡಿದರು. ಈ ಅರ್ಕಾವತಿಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಬಿಸಿಲೇರುವ ಹೊತ್ತಿಗೆ ಕೆಳಗಿಳಿದು ನಂದಿಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಸೇರಬೇಕು. ಬೆಟ್ಟವನ್ನು ನೋಡಿ ಇದನ್ನು ಬಿಟ್ಟು ಹೋಗುವವರು ಅರ್ಧ ಊಟಕ್ಕೇ ಎದ್ದವರಂತೆ. 9ನೆಯ ಶತಮಾನದ ಆರಂಭದಲ್ಲಿಯೇ ಇಲ್ಲಿ ಶಿವಾಲಯವಿದ್ದಿತೆಂಬುದಕ್ಕೆ ನೊಳಂಬರ ಕಾಲದ ಶಾಸನ ಸಾಕ್ಷಿ. ಅನಂತರ ಚೋಳ, ಹೊಯ್ಸಳ, ವಿಜಯನಗರದ ಕಾಲಗಳಲ್ಲಿ ದೇವಾಲಯವು ಬೆಳೆಯುತ್ತ ಬಂದಿತು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಜೋಡಿ ಗುಡಿಗಳ ನಡುವೆ ಉಮಾಮಹೇಶ್ವರರ ಸಣ್ಣ ಗುಡಿಯಿದೆ. ಅದರ ಮುಂದಿನ ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿ, ಹಕ್ಕಿ, ದೇವತೆಗಳ ಕೆತ್ತನೆ ಅತಿ ನವಿರು. ಒಳಗಿನ ಪ್ರಾಕಾರಕ್ಕೆ ಹೊಂದಿಕೊಂಡಿರುವ ಶೃಂಗಿತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಎಂಥ ಗದ್ದಲದ ಮಕ್ಕಳಾದರೂ ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳುವರು. ಮನೆಯಿಂದ ತಂದ ಪುಳಿಯೋಗರೆ, ಮೊಸರನ್ನಗಳನ್ನು ದೇವಾಲಯದ ಆವರಣದಲ್ಲಿ ಬಿಚ್ಚದೆ ಹೊರಗೆ ಮರದ ನೆರಳಿನಲ್ಲಿ ಮುಗಿಸಿಕೊಳ್ಳುವುದು ಮರ್ಯಾದೆ. ಬೆಟ್ಟದ ಮೇಲೆಯಂತೂ ಬುತ್ತಿಯನ್ನು ತೆರೆಯಲೇಬಾರದು. ಅಲ್ಲಿ ಮಂಗಗಳ ರಾಜ್ಯಭಾರ.

ಸಮಯವಿದ್ದವರು ಸಮೀಪದ ಮುದ್ದೇನಹಳ್ಳಿಗೂ ಹೋಗಬಹುದು. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು, 1962ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಸಮಾಧಿಯೂ ಅಲ್ಲಿಯೇ ಆಯಿತು. ಅವರ ಸ್ಮಾರಕ ವಸ್ತುಸಂಗ್ರಹಾಲಯವು ಚಿಕ್ಕದಾದರೂ ಓದುವ ಮಕ್ಕಳಿಗೆ ಹಿತವಾದುದು.

ಹಿಂದಿರುಗುವ ದಾರಿಯಲ್ಲಿ ಒಂದು ಹೊಲದ ಅಂಚಿನಲ್ಲಿ ಹೆಂಗಸರು ಗುಂಪಾಗಿ ಕುಳಿತು ಕಡಲೆಗಿಡಗಳಿಂದ ಕಾಯಿ ಬಿಡಿಸುತ್ತಿದ್ದರು. ನಮ್ಮ ಕಿರಿಯ ಮಗಳು, “ಅಪ್ಪ, ಇದು ಬಳ್ಳಿಯಲ್ಲಿ ನೇತಾಡುವುದಿಲ್ಲವೆ?” ಎಂದು ಕೇಳಿದಳು. ಅವರಲ್ಲೊಬ್ಬಾಕೆ ನಗುತ್ತ, “ಬಾ ಮಗಾ, ತೋರಿಸ್ತೀನಿ” ಎಂದು ಇನ್ನೂ ಕೀಳದಿದ್ದ ಗಿಡವೊಂದನ್ನು ಬುಡಸಹಿತ ಎತ್ತಿ ಅವಳ ಕೈಗಿತ್ತಳು. ಬೇರಿನ ಸುತ್ತ ಕೆಮ್ಮಣ್ಣು ಮೆತ್ತಿದ ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಈ ಗಿಡದ ಹಳದಿ ಹೂವು ಅರಳುವುದು ನೆಲದ ಮೇಲೆ. ಬಾಡಿದ ಬಳಿಕ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು, ಅದರ ತುದಿಯಲ್ಲಿ ಕಾಯಿ ಕಟ್ಟುವುದು. ಗಿಡದ ಬೇರುಗಳಲ್ಲಿ ಕಾಣುವ ಸಣ್ಣ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ಮಣ್ಣಿಗೂ ಉಣಿಸುವುವು. ಪುಸ್ತಕದಲ್ಲಿ ಎರಡು ಪುಟ ಓದಿದರೂ ತಿಳಿಯದುದು ಆ ಹೆಂಗಸಿನ ಒಂದು ಕೈಸನ್ನೆಯಿಂದ ತಿಳಿಯಿತು. ಸಂಜೆಯ ಪರಿಷೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿರಲಿಲ್ಲ.

ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಗೆ ವಾಹನವನ್ನು ಒಯ್ಯುವ ಯತ್ನವೇ ಬೇಡ; ಮೆಟ್ರೋ ರೈಲಿನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ಬಂದು ನಡೆದು ಹೋಗುವುದು ಸುಖ. ದೀಪ ಹಚ್ಚುವ ಹೊತ್ತಿಗೆ ನಾವು ಸೇರಿದೆವು. ರಸ್ತೆಯ ಎರಡು ಪಕ್ಕಗಳಲ್ಲಿಯೂ ಕಡಲೆಕಾಯಿಯ ರಾಶಿಗಳು. ಹಸಿಯದು, ಒಣಗಿದುದು, ಹುರಿದುದು, ಉಪ್ಪು ಹಾಕಿ ಬೇಯಿಸಿದುದು. ಎರಡು ಬೀಜದ ಗಿಡ್ಡ ಕಾಯಿ ಒಂದೆಡೆ, ಮೂರು ಬೀಜದ ಉದ್ದ ಕಾಯಿ ಇನ್ನೊಂದೆಡೆ. ಹುರಿಯುವ ಬಾಣಲೆಗಳ ಹೊಗೆ, ಕಡಲೆಪುರಿ, ಬತ್ತಾಸು, ಕಲ್ಯಾಣಸೇವೆಗಳ ಬಣ್ಣದ ಗುಡ್ಡೆಗಳು, ಬಳೆಯ ಮಲಾರಗಳು, ಮರದ ಬೊಂಬೆಗಳು, ಮಣ್ಣಿನ ಹಣತೆಗಳು, ಪೀಪಿಯ ಸದ್ದು, ತಪ್ಪಿಸಿಕೊಂಡ ಮಗುವನ್ನು ಕೂಗುವ ತಾಯಿಯ ದನಿ! ನಗರದ ನಡುವೆ ಒಂದು ಹಳ್ಳಿಯ ಜಾತ್ರೆಯೇ ಬಂದಿಳಿದಂತಿತ್ತು.

ಮೊದಲು ಗುಡ್ಡವನ್ನೇರಿ ದೊಡ್ಡಬಸವಣ್ಣನ ದರ್ಶನ ಮಾಡಿದೆವು. ಒಂದೇ ಬಂಡೆಯಲ್ಲಿ ಕಡೆದ ಈ ಬಸವನು ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕೆಂಪೇಗೌಡರು 16ನೆಯ ಶತಮಾನದಲ್ಲಿ ಗುಡಿಯನ್ನು ಕಟ್ಟಿಸಿದರೆಂದು ಪ್ರತೀತಿ. ಹಿಂದೆ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿಗಳ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರಂತೆ; ಹುಣ್ಣಿಮೆಯ ರಾತ್ರಿಗಳಲ್ಲಿ ಬಸವನೊಂದು ಬಂದು ಪೈರನ್ನು ಮೇಯುತ್ತಿತ್ತಂತೆ; ಅದನ್ನು ಶಾಂತಗೊಳಿಸಲು ರೈತರು ಮೊದಲ ಬೆಳೆಯನ್ನು ಒಪ್ಪಿಸುವ ಹರಕೆ ಹೊತ್ತರಂತೆ. ಕಡಲೆಕಾಯಿಯ ಮೂಲಸ್ಥಾನ ದಕ್ಷಿಣ ಅಮೆರಿಕಾ ಖಂಡ. ಪೋರ್ಚುಗೀಸರು ಕಡಲಿನ ದಾರಿಯನ್ನು ತೆರೆದ ಮೇಲೆಯೇ ಅದು ನಮ್ಮ ದೇಶಕ್ಕೆ ಬಂದುದು. ಹಾಗಾದರೆ ಕಥೆ ಹಳೆಯದೋ ಬೆಳೆ ಹಳೆಯದೋ ಎಂದು ಪಂಡಿತರು ವಿಚಾರಿಸಲಿ. ಪರದೇಶದಿಂದ ಬಂದ ಬೀಜವನ್ನು ನಮ್ಮ ಒಕ್ಕಲಿಗರು ಎಷ್ಟರ ಮಟ್ಟಿಗೆ ತಮ್ಮದಾಗಿಸಿಕೊಂಡರೆಂದರೆ, ಅದರ ಮೊದಲ ಪಾಲು ದೇವರಿಗೆ ಸಲ್ಲಬೇಕೆಂದು ನಿಶ್ಚಯಿಸಿದರು.

1898ರ ಪ್ಲೇಗಿನ ತರುವಾಯ ಬಸವನಗುಡಿಯ ಬಡಾವಣೆ ಎದ್ದಿತು, ಹೊಲಗಳು ನಿವೇಶನಗಳಾದವು. ಇಂದು ಈ ಗುಡ್ಡದ ಸುತ್ತ ಒಂದು ಗಿಡ ಕಡಲೆಯೂ ಬೆಳೆಯದು. ಆದರೂ ಚಿಂತಾಮಣಿ, ಚಿಕ್ಕಬಳ್ಳಾಪುರ, ಕೋಲಾರ, ಮಾಗಡಿಗಳಿಂದಲೂ, ಗಡಿಯಾಚೆಯ ಆಂಧ್ರ, ತಮಿಳುನಾಡುಗಳಿಂದಲೂ ಮೂಟೆಗಳು ಬಂದಿಳಿಯುತ್ತವೆ. ಹೊಲ ಹೋದರೂ ಹರಕೆ ಉಳಿದಿದೆ.

ಚಿಂತಾಮಣಿಯ ಕಡೆಯ ಮುದುಕಿಯೊಬ್ಬಳ ರಾಶಿಯ ಮುಂದೆ ನಮ್ಮ ಮನೆಯಾಕೆ ನಿಂತಳು. ಪಕ್ಕದಲ್ಲಿ ಉಡುಪಿನಿಂದ ಉಳ್ಳವರಂತೆ ತೋರುತ್ತಿದ್ದ ಗೃಹಸ್ಥರೊಬ್ಬರು ಸೇರಿನ ಮೇಲೆ ಹತ್ತು ರೂಪಾಯಿಗಾಗಿ ಬಹಳ ಹೊತ್ತು ವಾದಿಸಿ ಹೊರಟುಹೋದರು. ಮುದುಕಿಗೆ ಸಿಟ್ಟೇನೂ ಬರಲಿಲ್ಲ. “ಕೀಳೋ ಹೊತ್ಗೆ ಮಳೆ ಹಿಡೀತು ತಾಯಿ, ಅರ್ಧ ಕಾಯಿ ನೆಲದಾಗೇ ಮೊಳೆತೋದ್ವು. ಉಳಿದಿದ್ದು ಇಷ್ಟೇಯ” ಎಂದಳು. ಜೊತೆಯಲ್ಲಿದ್ದ ನಮ್ಮ ತಾಯಿಯವರು, “ಬೆಲೆಯಲ್ಲಿ ಕತ್ತರಿಸಬೇಡಮ್ಮ, ಕೊಸರು ಕೇಳು” ಎಂದು ಸೊಸೆಗೆ ಹೇಳಿದರು. ಮುದುಕಿಯ ಮುಖ ಅರಳಿತು. ಮೂರು ಸೇರು ಅಳೆದ ಮೇಲೆ, “ಇದು ನಿಂಗೆ, ಇದು ಈ ಕೂಸಿಗೆ” ಎನ್ನುತ್ತ ಎರಡು ಬೊಗಸೆ ಚೀಲಕ್ಕೆ ಸುರಿದಳು. ಬೆಲೆಯನ್ನು ಇಳಿಸಿ ಕೊಳ್ಳುವಾಗ ಬೆಳೆದವಳು ಸೋತಂತೆ. ಕೊಸರನ್ನು ಕೇಳುವಾಗ ಅವಳು ಕೊಟ್ಟಂತೆ. ಕೈಗೆ ಬರುವ ಕಾಯಿ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಆದರೆ ಮೊದಲನೆಯ ಬಗೆಯಲ್ಲಿ ಮಳೆಗೆ ಸೋತುಬಂದವಳು ನಮ್ಮೆದುರಿಗೂ ಸೋಲುವಳು. ಮನೆಗೆ ಬೇಕಾದುದನ್ನು ಕೊಳ್ಳುವ ಗೃಹಿಣಿಯರು ಈ ಭೇದವನ್ನು ಯೋಚಿಸಬೇಕೆಂದು ನಮ್ಮ ವಿಜ್ಞಾಪನೆ.

ಕೊಳ್ಳುವವರಿಗೆ ಕೆಲವು ಸೂಚನೆಗಳು: ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಗಲಗಲವೆಂದರೆ ಅದು ಒಣಗಿದುದು, ಹುರಿಯಲು ಯೋಗ್ಯ, ಸದ್ದಿಲ್ಲದೆ ಭಾರವಾಗಿದ್ದರೆ ಹಸಿಯದು, ಬೇಯಿಸಲು ಯೋಗ್ಯ. ಹಸಿಕಾಯನ್ನು ಚೀಲದಲ್ಲಿ ಕಟ್ಟಿಡದೆ ಮನೆಗೆ ಬಂದೊಡನೆ ಹರಡಬೇಕು. ಮರುದಿನವೇ ಬೇಯಿಸದಿದ್ದರೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸಿಪ್ಪೆಸಹಿತವಾಗಿಯೇ ಇಡಬೇಕು. ಬೂಷ್ಟು ಹಿಡಿದ, ಕಪ್ಪಾದ, ಕಹಿಯಾದ ಬೀಜವನ್ನು ಲೋಭಪಡದೆ ಬಿಸಾಡತಕ್ಕದ್ದು. ಅಂಥ ಬೂಷ್ಟಿನಲ್ಲಿ ಯಕೃತ್ತಿಗೆ ಕೇಡುಮಾಡುವ ವಿಷವಿರುವುದುಂಟು, ಹುರಿದರೂ ಅದು ಪೂರ್ತಿಯಾಗಿ ಹೋಗದು. ಒಳ್ಳೆಯ ಬೀಜವಾದರೋ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕವನ್ನೂ, ಅರ್ಧದಷ್ಟು ಎಣ್ಣೆಯನ್ನೂ ಉಳ್ಳ ಪುಷ್ಟಿಕರ ಆಹಾರ. ಕೆಲವರ ದೇಹಕ್ಕೆ ಮಾತ್ರ ಇದು ಸ್ವಲ್ಪವೂ ಒಗ್ಗದು. ಅಂಥವರು ದೂರವಿರುವುದೇ ಕ್ಷೇಮ.

ಇನ್ನು ಎರಡು ಸ್ಥಳಗಳನ್ನು ಒಂದೇ ದಿನಕ್ಕೆ ಜೋಡಿಸಿದ ಕಾರಣ. ದೊಡ್ಡಬಸವಣ್ಣನ ಪಾದದ ಬಳಿಯಲ್ಲಿಯೇ ವೃಷಭಾವತಿ ನದಿ ಹುಟ್ಟುವುದೆಂದು ಜನರ ನಂಬಿಕೆ. ಆ ವೃಷಭಾವತಿಯು ನಗರವನ್ನು ಹಾದು ನೈರುತ್ಯಕ್ಕೆ ಹರಿದು ಕಡೆಗೆ ಅರ್ಕಾವತಿಯನ್ನೇ ಸೇರುವುದು. ಬೆಳಗ್ಗೆ ಒಬ್ಬ ನಂದಿಯ ಬಳಿ ಕಂಡ ನೀರೂ, ಸಂಜೆ ಇನ್ನೊಬ್ಬ ನಂದಿಯ ಅಡಿಯಲ್ಲಿ ನೆನೆದ ನೀರೂ ಕೂಡಿಯೇ ಕಾವೇರಿಗೆ ಹೋಗುತ್ತವೆ. ಆದರೆ ವೃಷಭಾವತಿಯ ಇಂದಿನ ಸ್ಥಿತಿಯನ್ನು ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುವವರೆಲ್ಲ ಬಲ್ಲರು. ನದಿಯೆಂದು ಹೇಳಿದರೆ ಮಕ್ಕಳು ನಂಬರು, ನಗರದ ಕೊಚ್ಚೆಯನ್ನು ಹೊತ್ತ ಚರಂಡಿಯೆನ್ನುವರು. ಬೇಸಾಯದ ಮೊದಲ ಫಲವನ್ನು ಬಸವನಿಗೆ ಒಪ್ಪಿಸುವ ನಾವು ಅವನ ಪಾದದಿಂದ ಹೊರಟ ನೀರಿಗೆ ಒಪ್ಪಿಸುತ್ತಿರುವುದು ನಮ್ಮ ಹೊಲಸನ್ನು. ಇದನ್ನು ತಿದ್ದುವುದು ಒಂದು ಸಂಸಾರದಿಂದ ಆಗದ ಕೆಲಸವೆಂಬುದು ನಿಜ. ಆದರೂ ಪರಿಷೆಗೆ ಬರುವ ಪ್ರತಿಯೊಬ್ಬರೂ ಮನೆಯಿಂದ ಬಟ್ಟೆಯ ಚೀಲವನ್ನು ತಂದರೆ, ಬೇಯಿಸಿದ ಕಾಯಿಯ ಸಿಪ್ಪೆಯನ್ನು ರಸ್ತೆಗೆಸೆಯದೆ ಕೈಚೀಲದಲ್ಲಿಟ್ಟುಕೊಂಡು ಮನೆಯ ಹೂಗಿಡದ ಬುಡಕ್ಕೆ ಹಾಕಿದರೆ, ಮೋರಿ ಸೇರುವ ಕಸ ಅಷ್ಟರಮಟ್ಟಿಗೆ ತಗ್ಗುವುದು. ಮಕ್ಕಳೂ ನೋಡಿ ಕಲಿಯುವರು.

ಮುಂದಿನ ಕಾರ್ತಿಕದಲ್ಲಿ ವಾಚಕರು ಸಕುಟುಂಬವಾಗಿ ಈ ಸಂಚಾರವನ್ನು ಕೈಕೊಳ್ಳಲಿ. ಬುತ್ತಿ, ಶಾಲು, ಕುಡಿಯುವ ನೀರು, ಎರಡು ಬಟ್ಟೆಯ ಚೀಲ ಇಷ್ಟಿದ್ದರೆ ಸಾಕು. ಬೆಟ್ಟದ ಮೇಲೆ ಮಂಜು ಸರಿಯುವವರೆಗೆ ಕಾಯುವ ತಾಳ್ಮೆಯೂ, ಪರಿಷೆಯಲ್ಲಿ ಕೊಸರು ಕೇಳುವ ನಗುಮುಖವೂ ಜೊತೆಗಿರಲಿ.