ಸಂಶೋಧಕನ ಹಿರಿಮೆಗೆ ಉಲ್ಲೇಖಗಳೇ ಅಳತೆಗೋಲೇ?

ಒಳ್ಳೆಯ ವೈದ್ಯನಾರೆಂದು ರೋಗಿಯನ್ನು ಕೇಳಿದರೆ ಉತ್ತರ ಸುಲಭ: ತನ್ನನ್ನು ಗುಣಪಡಿಸಿದವನೇ ಒಳ್ಳೆಯ ವೈದ್ಯ. ಆದರೆ ರೋಗಿಯ ಮುಖವನ್ನೇ ಕಾಣದೆ ಗಣಕಯಂತ್ರದ ಮುಂದೆ ವರ್ಷಗಟ್ಟಲೆ ದುಡಿಯುವ ವೈದ್ಯಕೀಯ ಸಂಶೋಧಕನಿಗೆ ಬೆಲೆ ಕಟ್ಟುವವರು ಯಾರು? ಇಂದು ಈ ಕೆಲಸವನ್ನು ಬಹುಮಟ್ಟಿಗೆ ಅಂಕಿಗಳೇ ಮಾಡುತ್ತಿವೆ. ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಇತರ ಸಂಶೋಧಕರು ಅವುಗಳನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕವನ್ನು ನೋಡಿಯೇ ಅನೇಕ ಕಡೆ ನೇಮಕ, ಬಡ್ತಿ, ಅನುದಾನಗಳು ತೀರ್ಮಾನವಾಗುತ್ತವೆ. ವೈದ್ಯಕೀಯ ಹಾಗೂ ನರ್ಸಿಂಗ್ ಶಿಕ್ಷಣಕ್ಕೆ ಮಕ್ಕಳನ್ನು ಕಳುಹಿಸಿರುವ ಕುಟುಂಬಗಳು ನಮ್ಮಲ್ಲಿ ಅನೇಕ. ಆದುದರಿಂದ ಈ ಲೆಕ್ಕದ ಒಳಹೊರಗನ್ನು ನಾವೂ ತಿಳಿದಿರುವುದು ಒಳ್ಳೆಯದು.

ಉಲ್ಲೇಖಗಳನ್ನು ಪಟ್ಟಿ ಮಾಡುವ ಈ ಕ್ರಮಕ್ಕೆ ದಾರಿ ತೋರಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಆಧಾರವಾಗಿ ಬಳಸಿದವು ಎಂದು ತಿಳಿಯಲು ಅಲ್ಲಿನ ವಕೀಲರು ಬಳಸುತ್ತಿದ್ದ ಸೂಚಿಯೊಂದು ಅವರಿಗೆ ಮಾದರಿಯಾಯಿತು. 1955ರಲ್ಲಿ ಅವರು ತಮ್ಮ ವಿಚಾರವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದರು; 1964ರಲ್ಲಿ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದರು. ಅವರ ಮೂಲ ಉದ್ದೇಶ ಗಮನಾರ್ಹವಾದುದು. ಸುಳ್ಳಾದ, ಅಪೂರ್ಣವಾದ ಅಥವಾ ಹಳತಾದ ಮಾಹಿತಿಯನ್ನು ವಿಮರ್ಶೆಯಿಲ್ಲದೆ ಮತ್ತೆ ಮತ್ತೆ ಉಲ್ಲೇಖಿಸುವುದನ್ನು ತಡೆಯಬೇಕೆಂಬುದೇ ಅವರ ಆಶಯವಾಗಿತ್ತು. ಸತ್ಯವನ್ನು ಸೋಸಲೆಂದು ಹೆಣೆದ ಜರಡಿ ಕಾಲಕ್ರಮದಲ್ಲಿ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅವರು ಇನ್ನೊಂದು ಅಳತೆಯನ್ನು ಸೂಚಿಸಿದರು. ಅದುವೇ ಎಚ್ ಸೂಚ್ಯಂಕ. ಒಬ್ಬರು ಬರೆದ ಪ್ರಬಂಧಗಳ ಪೈಕಿ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡು, 21 ಪ್ರಬಂಧಗಳು ತಲಾ 21ರ ಮಟ್ಟವನ್ನು ಮುಟ್ಟದಿದ್ದರೆ, ಅವರ ಸೂಚ್ಯಂಕ 20. ಲೆಕ್ಕ ಸರಳ. ಆದರೆ ಹಿರಿಯರಿಗೆ ಅಂಕ ತಾನಾಗಿಯೇ ಏರುತ್ತದೆ, ಕಿರಿಯರಿಗೆ ಕಾಲ ಬೇಕು. ಹೆಚ್ಚು ಮಂದಿ ದುಡಿಯುವ ಕ್ಷೇತ್ರದಲ್ಲಿ ಉಲ್ಲೇಖ ಹೆಚ್ಚು, ಸಣ್ಣ ಕ್ಷೇತ್ರದಲ್ಲಿ ಕಡಿಮೆ.

ರೋಗಿಗಳ ದಾಖಲೆಗಳನ್ನು ಗಣಕಯಂತ್ರದ ಮೂಲಕ ಚಿಕಿತ್ಸೆಗೆ ನೆರವಾಗುವಂತೆ ಜೋಡಿಸುವ ಶಾಸ್ತ್ರವೇ ಆರೋಗ್ಯ ಮಾಹಿತಿ ವಿಜ್ಞಾನ. ಈ ಕ್ಷೇತ್ರದ ಹಿರಿಯರಲ್ಲೊಬ್ಬರು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ ದುಡಿದ ಡಾ. ಕ್ಲೆಮೆಂಟ್ ಮೆಕ್‌ಡೊನಾಲ್ಡ್. 1976ರಲ್ಲಿ ಅವರೊಬ್ಬರೇ ಬರೆದ ಪ್ರಬಂಧವೊಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಒಂಬತ್ತು ವೈದ್ಯರ ಮೇಲೆ ನಡೆದ ಪುಟ್ಟ ಪ್ರಯೋಗವದು. ರೋಗಿಯ ರಕ್ತದೊತ್ತಡ ಏರಿದೆ, ಈ ಔಷಧದಿಂದ ಯಕೃತ್ತಿಗೆ ಹಾನಿಯಾಗಬಹುದು ಎಂಬಂತಹ ಎಚ್ಚರಿಕೆಗಳನ್ನು ಗಣಕಯಂತ್ರವು 390 ನಿಯಮಗಳ ಆಧಾರದಿಂದ ಮುಂಚಿತವಾಗಿಯೇ ನೀಡುತ್ತಿತ್ತು. ಎಚ್ಚರಿಕೆ ದೊರೆತಾಗ ವೈದ್ಯರು ಶೇಕಡಾ 51ರಷ್ಟು ಸಂದರ್ಭಗಳಲ್ಲಿ ಕ್ರಮ ಕೈಗೊಂಡರು. ದೊರೆಯದಿದ್ದಾಗ ಕೇವಲ ಶೇಕಡಾ 22ರಷ್ಟು. ಆ ವೈದ್ಯರು ಸೋಮಾರಿಗಳಾಗಿರಲಿಲ್ಲ, ಅಜ್ಞಾನಿಗಳೂ ಆಗಿರಲಿಲ್ಲ. ಅಷ್ಟೊಂದು ಮಾಹಿತಿಯನ್ನು ಏಕಕಾಲಕ್ಕೆ ನೆನಪಿನಲ್ಲಿಡುವುದು ಮನುಷ್ಯನ ಮಿತಿಗೆ ಮೀರಿದ್ದು ಎಂಬುದೇ ಪ್ರಬಂಧದ ತಿರುಳು. ಗಣಕಯಂತ್ರದ ನೆರವಿನ ಚಿಕಿತ್ಸೆಯ ಕುರಿತು ಬರೆಯುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಇಲ್ಲಿ ಉಲ್ಲೇಖಗಳ ಲೆಕ್ಕವು ಯೋಗ್ಯತೆಗೆ ಸಂದ ಗೌರವವೇ ಸರಿ.

ಆದರೆ ಅವರ ಇನ್ನೊಂದು ಸೇವೆಯನ್ನು ಈ ಲೆಕ್ಕ ಹಿಡಿಯಲಾರದು. ಒಂದೇ ರಕ್ತಪರೀಕ್ಷೆಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿಟ್ಟರೆ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಅರ್ಥವಾಗದು. ಇದನ್ನು ಸರಿಪಡಿಸಲು ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು 1994ರಲ್ಲಿ ‘ಲೋಇಂಕ್’ ಎಂಬ ಸಂಕೇತ ಪದ್ಧತಿಯನ್ನು ಆರಂಭಿಸಿದರು. ರಕ್ತದ ಹಿಮೋಗ್ಲೋಬಿನ್ ಪ್ರಮಾಣಕ್ಕೆ ಅದರಲ್ಲಿ 718-7 ಎಂಬ ಸಂಖ್ಯೆ. ಇಂತಹ ಸಂಕೇತಗಳು ಇಂದು ಲಕ್ಷಕ್ಕೂ ಮಿಕ್ಕಿವೆ, ಬಳಸಲು ಶುಲ್ಕವಿಲ್ಲ. ಭಾರತ ಸರಕಾರವು 2016ರಲ್ಲಿ ಪ್ರಕಟಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳಲ್ಲಿಯೂ ಲೋಇಂಕ್‌ಗೆ ಸ್ಥಾನವಿದೆ. ಪ್ರಯೋಗಾಲಯದ ವರದಿಯಲ್ಲಿ ಈ ಸಂಕೇತವನ್ನು ಬಳಸುವವರು ಯಾರೂ ಕೆಳಗೆ ಪ್ರಬಂಧದ ಹೆಸರು ಬರೆಯುವುದಿಲ್ಲ. ಅಡಿಗಲ್ಲು ಮಣ್ಣಿನೊಳಗೇ ಉಳಿಯುತ್ತದೆ. ಕಣ್ಣಿಗೆ ಬೀಳುವುದು ಗೋಡೆ ಮಾತ್ರ.

ಇದಕ್ಕೆ ತದ್ವಿರುದ್ಧವಾದ ಘಟನೆಯೂ ಇದೇ ಕ್ಷೇತ್ರದಲ್ಲಿ ನಡೆದಿದೆ. 2020ರ ಮೇ 22ರಂದು, ಕೊರೋನಾ ಹಾವಳಿಯ ನಡುವೆ, ಪ್ರತಿಷ್ಠಿತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಬಂಧವೊಂದು ಪ್ರಕಟವಾಯಿತು. ಸರ್ಜಿಸ್ಫಿಯರ್ ಎಂಬ ಕಂಪೆನಿಯು 671 ಆಸ್ಪತ್ರೆಗಳಿಂದ ಸಂಗ್ರಹಿಸಿತೆನ್ನಲಾದ ಸುಮಾರು 96 ಸಾವಿರ ರೋಗಿಗಳ ದಾಖಲೆಗಳೇ ಅದಕ್ಕೆ ಆಧಾರ. ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಪಡೆದವರಲ್ಲಿ ಸಾವು ಹೆಚ್ಚೆಂದು ಅದು ಸಾರಿತು. ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪ್ರಯೋಗವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಆದರೆ ಆಸ್ಟ್ರೇಲಿಯಾದ್ದೆಂದು ತೋರಿಸಿದ ಸಾವುಗಳ ಸಂಖ್ಯೆ ಅಲ್ಲಿನ ಅಧಿಕೃತ ಲೆಕ್ಕವನ್ನೇ ಮೀರಿತ್ತು! ನೂರಕ್ಕೂ ಹೆಚ್ಚು ವಿಜ್ಞಾನಿಗಳು ಪ್ರಶ್ನೆಯೆತ್ತಿದರು. ಮೂಲ ದಾಖಲೆಗಳನ್ನು ಸ್ವತಂತ್ರ ಪರಿಶೀಲಕರಿಗೆ ಒದಗಿಸಲು ಕಂಪೆನಿ ಸಿದ್ಧವಾಗಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂಪಡೆಯಲಾಯಿತು. ಆ ಔಷಧದಿಂದ ಆಸ್ಪತ್ರೆಯಲ್ಲಿದ್ದ ಕೊರೋನಾ ರೋಗಿಗಳಿಗೆ ಪ್ರಯೋಜನವಿಲ್ಲವೆಂಬುದು ಬ್ರಿಟನ್ನಿನಲ್ಲಿ ಕ್ರಮಬದ್ಧವಾಗಿ ನಡೆದ ಪ್ರಯೋಗದಿಂದ ಬಳಿಕ ತಿಳಿದುಬಂತು. ಆದರೆ ಹಿಂಪಡೆದ ಪ್ರಬಂಧವನ್ನು ಉಲ್ಲೇಖಿಸುವವರು ಆಮೇಲೂ ಇದ್ದರು. ಗಾರ್ಫೀಲ್ಡ್ ಯಾವುದನ್ನು ತಡೆಯಬಯಸಿದ್ದರೋ ಅದೇ ನಡೆಯಿತು. ಎಣಿಸುವ ಯಂತ್ರಕ್ಕೆ ಹೊಗಳಿಕೆಯ ಉಲ್ಲೇಖವೂ ಒಂದೇ, ಖಂಡನೆಯ ಉಲ್ಲೇಖವೂ ಒಂದೇ.

ಹಾಗೆಂದು ಉಲ್ಲೇಖಗಳನ್ನು ಕಡೆಗಣಿಸಬೇಕೆಂದಲ್ಲ. ಒಂದು ಬರಹವು ಎಷ್ಟು ಮಂದಿಯ ಗಮನ ಸೆಳೆಯಿತೆಂಬುದನ್ನು ಅವು ಹೇಳುತ್ತವೆ; ಅದು ನಿಜವೇ, ರೋಗಿಗೆ ಹಿತವೇ ಎಂಬುದನ್ನು ಹೇಳುವುದಿಲ್ಲ. ಸಂಶೋಧಕನ ಬೆಲೆಯನ್ನು ಪತ್ರಿಕೆಯ ಪ್ರತಿಷ್ಠೆಯ ಅಂಕಿಯಿಂದ ಕಟ್ಟದೆ ಕೃತಿಯ ಗುಣದಿಂದಲೇ ಕಟ್ಟಬೇಕೆಂದು 2012ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಸಂಪಾದಕರೂ ಪ್ರಕಾಶಕರೂ ರೂಪಿಸಿದ ಘೋಷಣೆಯು ಕರೆ ನೀಡಿತು. ಜಗತ್ತಿನ ಅನೇಕ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ.

ಸಂಶೋಧನೆಯ ಹಾದಿ ಹಿಡಿದಿರುವ ನಮ್ಮ ಯುವಕ ಯುವತಿಯರು ಇದನ್ನು ಮನಗಾಣಬೇಕು. ‘ನಿನ್ನ ಪ್ರಬಂಧಗಳು ಎಷ್ಟು?’ ಎಂದು ಸಂದರ್ಶನದಲ್ಲಿ ಕೇಳುವವರು ಹಲವರಿದ್ದಾರೆ. ಊಟದ ಹೊತ್ತಿಗೆ ಮನೆಯವರು ಬೇರೊಂದು ಪ್ರಶ್ನೆ ಕೇಳಲಿ: ‘ನೀನು ಬರೆದುದನ್ನು ನಂಬಿ ವೈದ್ಯರೊಬ್ಬರು ನಾಳೆ ಔಷಧ ಕೊಡಬಹುದೇ?’ ಹೌದೆಂದು ಅಳುಕದೆ ಹೇಳಬಲ್ಲವರ ಪ್ರಬಂಧಗಳು ನಾಲ್ಕೇ ಇದ್ದರೂ ಸಾಕು.