ದೈತ್ಯನ ಒಂದು ಹೆಜ್ಜೆಗೆ ಎಷ್ಟು ಫ್ರೇಮ್?

ಕಂಪ್ಯೂಟರ್ ಆನಿಮೇಶನ್ ಕಲಿಯುವವರು ಬಹಳ ಬೇಗ ಎದುರಿಸುವ ಪಾಠ ವಾಕ್ ಸೈಕಲ್. ಎಡಗಾಲಿಂದು ಒಂದು, ಬಲಗಾಲಿಂದು ಒಂದು ಹೆಜ್ಜೆ ಮಾಡಿಟ್ಟುಕೊಂಡು ಅದನ್ನೇ ಸುತ್ತಿಸುತ್ತಾ ಹೋಗೋದು. ಹಿಮ್ಮಡಿ ನೆಲ ಮುಟ್ಟುವ ಭಂಗಿ, ಮೈಭಾರ ಆ ಕಾಲಿನ ಮೇಲೆ ಇಳಿಯುವ ಭಂಗಿ, ಇನ್ನೊಂದು ಕಾಲು ಪಕ್ಕದಲ್ಲಿ ದಾಟುವ ಭಂಗಿ, ಮೈ ಮೇಲೇಳುವ ಭಂಗಿ. ಈ ನಾಲ್ಕನ್ನು ಕೂರಿಸಿ, ನಡುವಿನದನ್ನು ತುಂಬಬೇಕು. ಸಿನಿಮಾದ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಮನುಷ್ಯನ ಸಾಧಾರಣ ಹೆಜ್ಜೆಗೆ 12 ಫ್ರೇಮ್, ಅಂದ್ರೆ ಅರ್ಧ ಸೆಕೆಂಡ್.

ಇಷ್ಟು ಕೈಗೆ ಹತ್ತಿದ ಮೇಲೆ ಎಲ್ಲರಿಗೂ ರಾಕ್ಷಸನನ್ನು ನಡೆಸುವ ಆಸೆ. ಕೋರೆಹಲ್ಲು, ಕೊಂಬು, ಮನೆಯೆತ್ತರದ ಮೈ, ಎಲ್ಲಾ ಇರುತ್ತೆ. ನಡೆಸಿದ ಕೂಡಲೇ ಮಾತ್ರ ವೇಷ ಹಾಕಿದ ಮನುಷ್ಯನ ಹಾಗೆ ಕಾಣುತ್ತಾನೆ. ತಪ್ಪು ಚಿತ್ರದಲ್ಲಿಲ್ಲ, ಹೊತ್ತಿನಲ್ಲಿದೆ.

ನಡೆಯುವಾಗ ನಮ್ಮ ಕಾಲು ಹೆಚ್ಚುಕಮ್ಮಿ ಗಡಿಯಾರದ ಲೋಲಕದ ಹಾಗೆ ತೂಗುತ್ತದೆ. ಲೋಲಕ ಉದ್ದವಾದಷ್ಟೂ ನಿಧಾನ, ಆದರೆ ಅಷ್ಟೇ ಪಟ್ಟು ನಿಧಾನ ಅಲ್ಲ; ಉದ್ದದ ವರ್ಗಮೂಲದಷ್ಟು. ನಮ್ಮ ಕಾಲು 90 ಸೆಂಟಿಮೀಟರ್, ರಾಕ್ಷಸನದ್ದು 3.6 ಮೀಟರ್ ಅಂತಿಟ್ಟುಕೊಳ್ಳಿ. ನಾಲ್ಕು ಪಟ್ಟು ಉದ್ದ, ಆದ್ದರಿಂದ ಎರಡು ಪಟ್ಟು ಹೊತ್ತು: ಹೆಜ್ಜೆಗೆ 24 ಫ್ರೇಮ್. ಹದಿನಾರು ಪಟ್ಟಾದರೆ 48. ಇಲ್ಲೊಂದು ಮಜಾ ಇದೆ. ನಾಲ್ಕು ಪಟ್ಟಿನ ರಾಕ್ಷಸನ ಹೆಜ್ಜೆಯೂ ನಾಲ್ಕು ಪಟ್ಟು ಉದ್ದ ತಾನೆ? ಹಾಗಾಗಿ ಕಾಲು ನಿಧಾನ ಆಡಿದರೂ ಅವನು ನಮ್ಮ ಎರಡರಷ್ಟು ವೇಗದಲ್ಲಿ ನೆಲ ದಾಟುತ್ತಾನೆ. ಸೋಮಾರಿಯ ಹಾಗೆ ಕಾಣುವವನು ಬಂದು ಹಿಡಿದೇಬಿಡ್ತಾನೆ. ಭಯ ಇರೋದು ಅಲ್ಲೇ, ಹಲ್ಲಿನಲ್ಲಿ ಅಲ್ಲ.

ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಡೈನೋಸಾರ್‌ಗಳ ಹೆಜ್ಜೆಗುರುತಿನಿಂದ ಅವುಗಳ ವೇಗ ಅಂದಾಜಿಸಿದ್ದು ಇದೇ ಜಾತಿಯ ಲೆಕ್ಕದಿಂದ. ಸಿನಿಮಾದವರು ಅದಕ್ಕೂ ಮೊದಲೇ ಬಳಸಿದ್ದರು. 1954ರ ಜಪಾನಿನ ಗಾಡ್ಜಿಲ್ಲಾ ನಿಜಕ್ಕೂ ರಬ್ಬರ್ ವೇಷದೊಳಗಿನ ಮನುಷ್ಯನೇ. ಕ್ಯಾಮೆರಾ ಜೋರಾಗಿ ಓಡಿಸಿ ಮಾಮೂಲಿ ವೇಗದಲ್ಲಿ ತೋರಿಸಿದಾಗ ಅವನ ಮೈಗೆ ಭಾರ ಬಂತು.

ಎರಡನೇ ವಿಷಯ ಮೊಣಕಾಲು. ಬೇಟೆಗೆ ಹೊಂಚುವ ಹಾಗೆ ಮೊಣಕಾಲು ಮಡಚಿದರೆ ಭಯಂಕರ ಅನ್ನೋದು ಕಲಿಯುವವರ ಲೆಕ್ಕ. ಜೀವಿಗಳಲ್ಲಿ ನಡೆಯೋದು ಉಲ್ಟಾ. ಉದ್ದ, ಅಗಲ, ಎತ್ತರ ಎಲ್ಲಾ ಎರಡು ಪಟ್ಟಾದರೆ ತೂಕ ಎಂಟು ಪಟ್ಟು ಏರುತ್ತದೆ. ಅದನ್ನು ಹೊರುವ ಮೂಳೆ, ಸ್ನಾಯುಗಳ ಅಡ್ಡಳತೆಯ ವಿಸ್ತೀರ್ಣ ನಾಲ್ಕೇ ಪಟ್ಟು. ಗೆಲಿಲಿಯೋ 1638ರಷ್ಟು ಹಿಂದೆಯೇ ಬರೆದ ಮಾತಿದು. ಇಲಿ ಕಾಲು ಮಡಚಿಕೊಂಡೇ ಓಡಾಡಬಹುದು, ಆನೆಗೆ ಅದು ಕಟ್ಟೋದಿಲ್ಲ. ಜಂಬೂಸವಾರಿಯ ಆನೆಯ ಕಾಲು ನೆನಪಿಸಿಕೊಳ್ಳಿ, ಕಂಬ! ಥಾಯ್ಲೆಂಡಿನ ಆನೆಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲೂ ಅವುಗಳ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲಿಲ್ಲ.

ಇದು ಬರೀ ಆನಿಮೇಟರ್‌ಗಳ ತಲೆನೋವು ಅಂದುಕೊಳ್ಳಬೇಡಿ. 1993ರ ಜುರಾಸಿಕ್ ಪಾರ್ಕ್‌ನಲ್ಲಿ ಟಿ. ರೆಕ್ಸ್ ಜೀಪನ್ನು ಅಟ್ಟಿಸಿಕೊಂಡು ಬರುವ ದೃಶ್ಯ ನಮ್ಮಲ್ಲಿ ಬಹಳ ಜನರಿಗೆ ಆ ಪ್ರಾಣಿಯ ಏಕೈಕ ನೆನಪು. 2002ರಲ್ಲಿ ಜಾನ್ ಹಚಿನ್‌ಸನ್ ಮತ್ತು ಮರಿಯಾನೋ ಗಾರ್ಸಿಯಾ ಅದರ ಕಾಲಿನ ಸ್ನಾಯುಗಳ ಲೆಕ್ಕ ಹಾಕಿ, ಅದು ಅಂಥ ಓಟಗಾರ ಆಗಿರಲಾರದು ಎಂದರು. ಕೋಳಿಯನ್ನು ಟಿ. ರೆಕ್ಸ್‌ನಷ್ಟು ದೊಡ್ಡದು ಮಾಡಿದರೆ ಓಡಲು ಬೇಕಾದ ಸ್ನಾಯುವಿಗೆ ಅದರ ಮೈಯಲ್ಲಿ ಜಾಗವೇ ಸಾಲೋದಿಲ್ಲ. ಪಠ್ಯಪುಸ್ತಕಕ್ಕಿಂತ ಮೊದಲು ಮಕ್ಕಳ ತಲೆಗೆ ಹೋಗೋದು ತೆರೆಯ ಮೇಲಿನ ಪ್ರಾಣಿ, ಹಾಗಾಗಿ ಈ ಲೆಕ್ಕ ಆನಿಮೇಟರ್‌ಗೆ ಗೊತ್ತಿರಬೇಕು ಅಂತ ನನ್ನ ಹಟ. ಗೊತ್ತಿದ್ದೂ ಬೇಕೆಂದೇ ಮುರಿದರೆ ನನ್ನ ತಕರಾರಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಫೋನಿನಲ್ಲಿ ಸೆಕೆಂಡಿಗೆ 120 ಫ್ರೇಮ್‌ನಂತೆ ನಿಮ್ಮ ನಡಿಗೆ ಚಿತ್ರಿಸಿ, 24ರಲ್ಲಿ ಓಡಿಸಿ. ಐದು ಪಟ್ಟು ನಿಧಾನ, ಅಂದ್ರೆ ಇಪ್ಪತ್ತೈದು ಪಟ್ಟು ಎತ್ತರದವನ ಹೊತ್ತು. ಎರಡು ಮೀಟರಿನ ಆಳು ಗಾಡ್ಜಿಲ್ಲಾನ 50 ಮೀಟರ್ ಮುಟ್ಟಿದ ಹಾಗೆ. ಕಾಲಿಗಿಂತ ಹೆಚ್ಚಾಗಿ ಕೆನ್ನೆ, ಹೊಟ್ಟೆ, ಅಂಗಿಯ ಅಂಚು ಹೇಗೆ ಅಲುಗುತ್ತವೆ ಅಂತ ಗಮನಿಸಿ, ಹೆಜ್ಜೆ ಊರಿದ ಎಷ್ಟು ಫ್ರೇಮ್ ಆದಮೇಲೆ ಅವು ಸುಮ್ಮನಾಗುತ್ತವೆ ಅಂತ ಎಣಿಸಿಡಿ. ಆರು ಕಾಲಿನ ರಾಕ್ಷಸರ ವಿಷಯ ಮುಂದಿನ ಕಂತಿನಲ್ಲಿ.