ಕಾವಿ ನೆಲದ ಮನೆಗೆ ಎಲ್‌ಇಡಿ ದೀಪ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಳೆಯ ಮನೆಗಳು ಮಳೆಯನ್ನು ಎದುರಿಸುವುದಕ್ಕೆಂದೇ ಕಟ್ಟಿದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಗೋಡೆ ನೆನೆಯದಂತೆ ಹಂಚಿನ ಮಾಡನ್ನು ಜಗಲಿಯ ಆಚೆಗೂ ತಗ್ಗಿಸಿ ಇಳಿಸಿ, ಕಿಟಕಿಗಳನ್ನು ಸಣ್ಣದಾಗಿರಿಸಿ, ಚಾವಡಿಯ ಮೇಲೆ ಮರದ ಮುಚ್ಚಿಗೆ ಹಾಕಿ, ನೆಲಕ್ಕೆ ಕಾವಿ ಹಚ್ಚಿ ನುಣುಪು ಮಾಡುವ ಪದ್ಧತಿ ಬೆಳೆದು ಬಂತು. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಭಾಗದಷ್ಟನ್ನು ಕೋಣೆಗೆ ಮರಳಿಸಿದರೆ, ಕಾವಿ ನೆಲವೂ ಹೊಗೆ ಹಿಡಿದ ಮರವೂ ಐದನೆಯ ಒಂದು ಭಾಗವನ್ನು ಮರಳಿಸಿದರೆ ಹೆಚ್ಚು. ಮಳೆ ಸುರಿಯುವ ಆಟಿ ತಿಂಗಳ ಮಧ್ಯಾಹ್ನಗಳಲ್ಲಿ ಅಡುಗೆಮನೆಗೆ ದೀಪ ಬೇಕಾಗುವುದು ಇದೇ ಕಾರಣಕ್ಕೆ. ಟೈಲ್ಸ್ ಹಾಸಿದ ಹೊಸ ತಾರಸಿ ಮನೆಯನ್ನು ಬೆಳಗುವ ಬಲ್ಬು ಇಲ್ಲಿ ಮಂಕಾಗಿ ಕಾಣುವುದೂ ಇದೇ ಕಾರಣಕ್ಕೆ.

ಇಂಥ ಮನೆಗಳಿಗೆ ಎಲ್‌ಇಡಿ ದೀಪವನ್ನು ಆರಿಸುವಾಗ ವ್ಯಾಟ್ ಒಂದನ್ನೇ ನೋಡುವುದು ಸಾಲದು. ವ್ಯಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆ. ಅದು ಹೊರಸೂಸುವ ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. 60 ವ್ಯಾಟಿನ ಹಳೆಯ ತಂತಿ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿದ್ದರೆ, 9 ವ್ಯಾಟಿನ ಎಲ್‌ಇಡಿ ಅದಕ್ಕಿಂತ ತುಸು ಹೆಚ್ಚನ್ನೇ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೆ ಮೊದಲನೆಯದಕ್ಕೆ ತಿಂಗಳಿಗೆ 9 ಯುನಿಟ್, ಎರಡನೆಯದಕ್ಕೆ ಒಂದೂವರೆ ಯುನಿಟಿಗೂ ಕಡಿಮೆ. 2015ರ ಕೊನೆಯಲ್ಲಿ ರಾಜ್ಯದಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆ 9 ವ್ಯಾಟಿನ ಬಲ್ಬನ್ನು 100 ರೂಪಾಯಿಗೆ ಒದಗಿಸಿ ಈ ಉಳಿತಾಯವನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಅದರೊಡನೆ ಯಾವ ಕೋಣೆಗಾದರೂ ಒಂಬತ್ತರ ಬಲ್ಬೇ ಸಾಕೆಂಬ ರೂಢಿಯೂ ನೆಲೆಯೂರಿತು. ಸಾಲದೆಂದು ಕಂಡಲ್ಲಿ ನಡುಮನೆಗೆ ಒಂದೇ 20 ವ್ಯಾಟಿನ ದೀಪ ತೂಗಿಸುವುದು ಅದಕ್ಕೆ ಪರಿಹಾರವಲ್ಲ. ಬೆಳಕಿನ ಒಟ್ಟು ಪ್ರಮಾಣದಷ್ಟೇ ಅದು ಬೀಳುವ ಜಾಗವೂ ಮುಖ್ಯ: ಅಡುಗೆಮನೆಯ ನಡುವೆ ಎತ್ತರದಲ್ಲಿ ಉರಿಯುವ ದೀಪ, ಗೋಡೆಯತ್ತ ಮುಖಮಾಡಿ ಮೆಟ್ಟುಕತ್ತಿಯ ಮುಂದೆ ಕುಳಿತವರ ಬೆನ್ನಿಗೆ ಬಿದ್ದು, ಅವರ ನೆರಳನ್ನು ತರಕಾರಿ ಮತ್ತು ಬೆರಳುಗಳ ಮೇಲೆಯೇ ಹರಡುತ್ತದೆ. ಅದೇ ಗೋಡೆಗೆ ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಜೋಡಿಸಿದ 5 ವ್ಯಾಟಿನ ಸಣ್ಣ ದೀಪ ಹೆಚ್ಚು ಕೆಲಸ ಮಾಡುತ್ತದೆ.

ಬೆಳಕಿನ ಬಣ್ಣದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಎಲ್‌ಇಡಿ ಎಂದರೆ ವಿದ್ಯುತ್ ಹರಿದಾಗ ಬೆಳಕು ಸೂಸುವ ಅರೆವಾಹಕದ ಚೂರು. ಅದು ಸ್ವತಃ ಬಿಳಿಯ ಬೆಳಕನ್ನು ಕೊಡಲಾರದು; ಬಿಳಿ ದೀಪದೊಳಗೆ ಸಾಮಾನ್ಯವಾಗಿ ಇರುವುದು ನೀಲಿ ಬೆಳಕಿನ ಚೂರು. ಜಪಾನಿನಲ್ಲಿ ರೂಪುಗೊಂಡ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ 2014ರ ಭೌತಶಾಸ್ತ್ರದ ನೊಬೆಲ್ ಪಡೆದರು. ಆ ನೀಲಿ ಬೆಳಕಿನ ಒಂದು ಪಾಲನ್ನು ಫಾಸ್ಫರ್ ಎಂಬ ಹಳದಿ ಲೇಪ ಹೀರಿ ಬೇರೆ ಬಣ್ಣಗಳಾಗಿ ಮಾರ್ಪಡಿಸಿದಾಗ, ಎಲ್ಲ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ನೀಲಿಯ ಪಾಲು ಎಷ್ಟೆಂಬುದನ್ನು ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ನಮೂದಿಸಿರುತ್ತಾರೆ: 2700ರಿಂದ 3000ದ ದೀಪ ಹಳೆಯ ಬಲ್ಬಿನಂತೆ ಹಳದಿ, 4000ದ್ದು ಸಮಬಿಳುಪು, 6500ರದ್ದು ನೀಲಿ ಛಾಯೆಯ ಬಿಳಿ. ಅಂಗಡಿಯಲ್ಲಿ ಬರಿದೆ ಬಲ್ಬು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 6500ರದ್ದು. ಕೆಂಪು ನೆಲ, ಕಂದು ಮರಗಳ ಚಾವಡಿಗೆ ಅದರಷ್ಟು ಹೊಂದದ ದೀಪ ಇನ್ನೊಂದಿಲ್ಲ. ಹಳದಿಯ ಕಡೆಗೆ ವಾಲಿದ ಬೆಳಕಿನಲ್ಲಷ್ಟೇ ಕಾವಿಗೂ ಮರಕ್ಕೂ ಜೀವ ಬರುತ್ತದೆ.

ಕೆಲ್ವಿನ್ ಒಂದೇ ಇದ್ದರೂ ಎರಡು ದೀಪಗಳು ವಸ್ತುಗಳ ಬಣ್ಣವನ್ನು ಒಂದೇ ನಿಷ್ಠೆಯಿಂದ ತೋರಿಸುತ್ತವೆಂದೇನೂ ಇಲ್ಲ. ಈ ನಿಷ್ಠೆಯ ಸೂಚ್ಯಂಕಕ್ಕೆ ಸಿಆರ್‌ಐ ಎನ್ನುತ್ತಾರೆ; ತಂತಿ ಬಲ್ಬಿಗೆ ಅದು 100, ಸಾಧಾರಣ ಎಲ್‌ಇಡಿಗೆ 80ರ ಆಸುಪಾಸು, ಉತ್ತಮವಾದದ್ದಕ್ಕೆ 90ಕ್ಕೂ ಮೇಲೆ. ಕಡಿಮೆ ಅಂಕದ ದೀಪಗಳಲ್ಲಿ ಕೆಂಪಿನ ಪಾಲು ಕುಗ್ಗುವುದರಿಂದ ಕಂದುಬಣ್ಣದ ಛಾಯೆಗಳೆಲ್ಲ ಬೂದಿಯತ್ತ ತಿರುಗುತ್ತವೆ. ಅಡಿಕೆಯ ನಾಡಿನಲ್ಲಿ ಇದು ಬರೀ ಅಂದಚಂದದ ಪ್ರಶ್ನೆಯಲ್ಲ. ಒಣಗಿಸಿದ ಅಡಿಕೆಯನ್ನು ಸಂಜೆಯ ಬಿಡುವಿನಲ್ಲಿ ಜಗಲಿಯಲ್ಲೋ ಕೊಟ್ಟಿಗೆಯ ಬದಿಯ ಮಾಡಿನಡಿಯಲ್ಲೋ ಸುಲಿದು, ಒಳ್ಳೆಯ ಚಾಲಿಯಿಂದ ಪಟೋರ, ಉಳ್ಳಿ, ಕರಿಗೋಟು ಎಂಬ ಕೆಳದರ್ಜೆಯವನ್ನು ಬೇರ್ಪಡಿಸಿದ ಮೇಲಷ್ಟೇ ಅದು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೋ ಪೇಟೆಯ ಮಂಡಿಗೋ ಹೋಗುತ್ತದೆ. ಒಂದೊಂದು ತರಕ್ಕೂ ಒಂದೊಂದು ಧಾರಣೆ. ಆಕಾರ ಮತ್ತು ತೂಕದ ಜೊತೆಗೆ ಕಂದಿನ ಛಾಯೆಯನ್ನೂ ನೋಡಿ ಮಾಡುವ ಈ ಆಯ್ಕೆ, ಅಗ್ಗದ ನೀಲಿಬಿಳಿ ದೀಪದಡಿ ತಪ್ಪುವುದು ಸಹಜ. ಆ ಜಾಗಕ್ಕೆ 4000 ಕೆಲ್ವಿನ್‌ನ, 90ರ ಸಿಆರ್‌ಐ ಇರುವ ಒಂದು ದೀಪವನ್ನು ಹೆಚ್ಚು ಬೆಲೆ ಕೊಟ್ಟಾದರೂ ತರುವುದು ಲಾಭದ ವ್ಯವಹಾರ.

ಎಲ್‌ಇಡಿ 25,000 ಗಂಟೆ ಬಾಳುತ್ತದೆಂಬ ಬರಹ ಹಲವು ಪೆಟ್ಟಿಗೆಗಳ ಮೇಲಿದೆ. ದಿನಕ್ಕೆ 5 ಗಂಟೆಯಂತೆ ಅದು 13 ವರ್ಷಕ್ಕೂ ಮಿಕ್ಕುತ್ತದೆ. ವಾಸ್ತವದಲ್ಲಿ ಹಲವು ಬಲ್ಬುಗಳು ಎರಡು ಮಳೆಗಾಲ ಕಾಣುವುದಿಲ್ಲ. ಸಾಮಾನ್ಯವಾಗಿ ಮೊದಲು ಕೆಡುವುದು ಬೆಳಕಿನ ಚೂರಲ್ಲ, ಮನೆಗೆ ಬರುವ ವಿದ್ಯುತ್ತನ್ನು ಅದಕ್ಕೆ ಬೇಕಾದಂತೆ ಬದಲಿಸಿಕೊಡುವ, ಬುಡದಲ್ಲಿ ಅಡಗಿರುವ ಡ್ರೈವರ್ ಎಂಬ ಪುಟ್ಟ ಮಂಡಲ. ತೋಟದ ಪಂಪುಗಳು ಒಟ್ಟಿಗೆ ಓಡುವ ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ವೋಲ್ಟೇಜ್ 230ರಿಂದ ಬಹಳ ಕೆಳಗಿಳಿಯುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಸಿಡಿಲು ಮಳೆಗೆ ತಂತಿಯಲ್ಲಿ ಕ್ಷಣಮಾತ್ರದ ಭಾರೀ ವೋಲ್ಟೇಜ್ ನುಗ್ಗುತ್ತದೆ. ಆದ್ದರಿಂದ 100ರಿಂದ 300 ವೋಲ್ಟ್ ತನಕ ಕೆಲಸ ಮಾಡುವುದೆಂದೂ 4 ಕಿಲೋವೋಲ್ಟ್ ಹೊಡೆತ ತಾಳುವುದೆಂದೂ ನಮೂದಿಸಿದ ಬಲ್ಬುಗಳು ಈ ಕಡೆಗೆ ಲೇಸು. ಮನೆಯ ಪಕ್ಕದ ತೆಂಗಿಗೆ ಬಡಿಯುವ ಸಿಡಿಲಿಗೆ ಮಾತ್ರ ಯಾವ ನಮೂದೂ ಅಡ್ಡಬರದು, ಸ್ವಿಚ್ ಆರಿಸಿಟ್ಟರೂ ಭರವಸೆಯಿಲ್ಲ. ಡ್ರೈವರಿನ ಇನ್ನೊಂದು ಶತ್ರು ಬಿಸಿ: ಗಾಳಿಯಾಡದ ಗಾಜಿನ ಗೋಳದೊಳಗೆ ಕೂರಿಸಿದ ಬಲ್ಬು ಬೇಗನೆ ಸೋಲುತ್ತದೆ.

ಹೊರಗಿನ ದೀಪದ ಆಯ್ಕೆಯಲ್ಲಿ ಹುಳುಗಳ ಪಾತ್ರವೂ ಇದೆ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲುಗಳೂ, ರಬ್ಬರ್ ತೋಟದ ತರಗೆಲೆಯಲ್ಲಿ ಬೆಳೆದು ಮನೆಗಳಿಗೆ ನುಗ್ಗುವ, ಕೇರಳದವರು ಮುಪ್ಲಿ ಎನ್ನುವ ಕಪ್ಪು ಹುಳುಗಳೂ ಬೆಳಕಿಗೆ ಮುತ್ತುತ್ತವೆ. ಹೆಚ್ಚಿನ ಕೀಟಗಳನ್ನು ಸೆಳೆಯುವುದು ನೀಲಿ ಮತ್ತು ಅತಿನೇರಳೆ ಕಿರಣಗಳಾದ್ದರಿಂದ ಜಗಲಿಗೆ ಹಳದಿ ಎಲ್‌ಇಡಿ ಹಾಕಿದರೆ ಕಾಟ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಖರೀದಿಗೆ ಮುನ್ನ ಅಂಗಡಿಯಲ್ಲೇ ಬಲ್ಬು ಉರಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಪರದೆಯ ಮೇಲೆ ದಪ್ಪ ಪಟ್ಟೆಗಳು ಓಡಾಡಿದರೆ ಅದು ಕಣ್ಣಿಗೆ ತಿಳಿಯದಂತೆ ಮಿಣುಕುತ್ತಿದೆ ಎಂದರ್ಥ. ಓದುವ ಮಕ್ಕಳ ಮೇಜಿಗೆ ಅದು ಬೇಡ. ಸ್ವಿಚ್ ಆರಿಸಿದ ಮೇಲೂ ಕತ್ತಲಲ್ಲಿ ಬಲ್ಬು ಮಸುಕಾಗಿ ಹೊಳೆಯುತ್ತಿದ್ದರೆ ದೋಷ ಬಲ್ಬಿನದೇ ಆಗಿರಬೇಕೆಂದಿಲ್ಲ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಸೇರಿಕೊಂಡಿರುವ ಸಾಧ್ಯತೆ ಇದ್ದು, ಹಾಗಿದ್ದಲ್ಲಿ ಸ್ವಿಚ್ ಆರಿಸಿದಾಗಲೂ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ. ಅಂಥ ಮನೆಯಲ್ಲಿ ಬಲ್ಬು ಬದಲಿಸುವ ಮೊದಲು ಮೇನ್ ಸ್ವಿಚ್ ಇಳಿಸಬೇಕು, ವೈರಿಂಗಿನವರನ್ನು ಕರೆಸಿ ತಂತಿ ಸರಿಪಡಿಸಬೇಕು.